ಸಾಂಬಾ ಶೇರ್‌ನಲ್ಲಿ ಹೊಸ ವರ್ಷದ ಫೋಲ್ಡರ್ ತೆರೆಯುತ್ತದೆ, ಆದರೆ ಅದರೊಳಗೆ ಫೈಲ್ ಉಳಿಸಲು ಅನುಮತಿ ಸಿಗುತ್ತಿಲ್ಲ

ಲೆಕ್ಕದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲೆಕ್ಕಪರಿಶೋಧಕರ ಸಣ್ಣ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಅಲ್ಲಿನ ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ಹೆಗಲಿಗೇ ಬಿದ್ದಿದೆ. ಕಚೇರಿಯ ಫೈಲ್‌ಗಳೆಲ್ಲ ಉಬುಂಟು 22.04 (ಲಿನಕ್ಸ್) ಹಾಕಿರುವ ಒಂದು ಸರ್ವರ್‌ನಲ್ಲಿವೆ. ಸಾಂಬಾ (ಲಿನಕ್ಸ್ ಸರ್ವರ್‌ನ ಫೋಲ್ಡರ್‌ಗಳನ್ನು ವಿಂಡೋಸ್‌ನೊಂದಿಗೆ ಹಂಚುವ ತಂತ್ರಾಂಶ) ಮೂಲಕ ‘ಕಚೇರಿ’ ಎಂಬ ಒಂದೇ ಶೇರ್ (ಹಂಚಿಕೊಂಡ ಫೋಲ್ಡರ್) ಎಲ್ಲರ ವಿಂಡೋಸ್ ಕಂಪ್ಯೂಟರುಗಳಲ್ಲೂ ಝಡ್ ಡ್ರೈವ್ ಆಗಿ ಕಾಣುತ್ತದೆ. ಅದರೊಳಗೆ ‘ಕಕ್ಷಿದಾರರು’ ಎಂಬ ಫೋಲ್ಡರ್ ಇದೆ. ಅದರಲ್ಲಿ ಒಬ್ಬೊಬ್ಬ ಕಕ್ಷಿದಾರರಿಗೂ ಒಂದೊಂದು ಫೋಲ್ಡರ್, ಪ್ರತಿಯೊಂದರೊಳಗೂ 2023-24, 2024-25 ಎಂಬಂತೆ ಆರ್ಥಿಕ ವರ್ಷದ ಹೆಸರಿನ ಫೋಲ್ಡರ್‌ಗಳು. ಕಚೇರಿಯ ಸಿಬ್ಬಂದಿಯೆಲ್ಲ ಸರ್ವರ್‌ನಲ್ಲಿ ‘ಆಡಿಟ್’ ಎಂಬ ಗುಂಪಿನ ಸದಸ್ಯರು.

ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಸಹಾಯಕರೊಬ್ಬರು ಎಲ್ಲ ಕಕ್ಷಿದಾರರ ಫೋಲ್ಡರ್‌ಗಳಲ್ಲೂ 2025-26 ಎಂಬ ಹೊಸ ಫೋಲ್ಡರ್ ಮಾಡಿಟ್ಟರು. ಅವರಿಗೆ ಯಾವ ತೊಂದರೆಯೂ ಇಲ್ಲ. ಉಳಿದವರು ಅದನ್ನು ತೆರೆಯಬಹುದು, ಒಳಗಿರುವುದನ್ನು ಓದಬಹುದು. ಆದರೆ ಒಂದು ಫೈಲ್ ಹಾಕಲು ಹೋದರೆ ‘ಡೆಸ್ಟಿನೇಶನ್ ಫೋಲ್ಡರ್ ಆಕ್ಸೆಸ್ ಡಿನೈಡ್’ ಎಂಬ ಪೆಟ್ಟಿಗೆ ಬರುತ್ತದೆ. ಹಳೆಯ ವರ್ಷಗಳ ಫೋಲ್ಡರ್‌ಗಳಲ್ಲಿ ಎಲ್ಲರೂ ಎಂದಿನಂತೆ ಬರೆಯುತ್ತಿದ್ದಾರೆ. ಇದಲ್ಲದೆ, ಸ್ಕ್ಯಾನರ್ ತಂದು ಹಾಕುವ ಪಿಡಿಎಫ್‌ಗಳನ್ನು ಅದೇ ಶೇರ್‌ನ ‘ಸ್ಕ್ಯಾನ್’ ಫೋಲ್ಡರಿನಿಂದ ಕಟ್ ಮಾಡಿ ಕಕ್ಷಿದಾರರ ಹಳೆಯ ಫೋಲ್ಡರ್‌ಗೆ ಪೇಸ್ಟ್ ಮಾಡಿದರೆ, ಅವು ತೆರೆಯುತ್ತವೆಯೇ ಹೊರತು ತಿದ್ದಿ ಉಳಿಸಲು ಬರುವುದಿಲ್ಲ. ಹೊಸದಾಗಿ ಸೇರಿದ ಒಬ್ಬರಿಗಂತೂ ಝಡ್ ಡ್ರೈವ್ ತೆರೆಯುವುದೇ ಇಲ್ಲ, ಅವರನ್ನು ಆಡಿಟ್ ಗುಂಪಿಗೆ ಸೇರಿಸಿದ ಮೇಲೂ.

ಸರ್ವರ್ ಅಳವಡಿಸಿದವರು ಈಗ ಸಂಪರ್ಕದಲ್ಲಿಲ್ಲ. ಶೇರ್‌ನ ಸೆಟ್ಟಿಂಗ್‌ನಲ್ಲಿ ಫೋಲ್ಡರಿನ ದಾರಿ, ‘ವ್ಯಾಲಿಡ್ ಯೂಸರ್ಸ್’ ಎಂದರೆ ಆಡಿಟ್ ಗುಂಪು, ‘ರೀಡ್ ಓನ್ಲಿ’ ಎಂದರೆ ‘ನೋ’ — ಇಷ್ಟೇ ಇದೆ. ಇವೆಲ್ಲ ಒಂದೇ ಸಮಸ್ಯೆಯೋ, ಬೇರೆ ಬೇರೆಯೋ ಎಂಬುದೂ ನನಗೆ ತಿಳಿಯುತ್ತಿಲ್ಲ.

ಅವಸರದಲ್ಲಿ

ಸರ್ವರ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಖಾತೆ) ಆಗಿ ಲಾಗಿನ್ ಆಗಿ, ಕಚೇರಿ ಫೋಲ್ಡರಿನ ಮೇಲೆ ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡನ್ನು, ಒಳಗಿರುವುದಕ್ಕೆಲ್ಲ ಅನ್ವಯಿಸುವ ದೊಡ್ಡ ‘ಆರ್’ ಆಯ್ಕೆಯೊಂದಿಗೆ 777 ಎಂದು ಕೊಡಿ. ಹೊಸದಾಗಿ ಸೇರಿದವರದ್ದನ್ನು ಬಿಟ್ಟು ಉಳಿದದ್ದೆಲ್ಲ ಕ್ಷಣದಲ್ಲಿ ಸರಿಹೋಗುತ್ತದೆ. ನಮ್ಮಲ್ಲಿ ಬಹಳ ಕಾಲದಿಂದ ಹೀಗೆಯೇ ನಡೆಯುತ್ತಿದೆ.

ಸರ್ವರ್‌ಕಾವಲು

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ‘ಸರಿಹೋಗುತ್ತದೆ’ ಎನ್ನುವುದು ಸುಳ್ಳಲ್ಲ. ಈ ಹೊತ್ತಿಗೆ ಸರ್ವರ್‌ನಲ್ಲಿ ಇರುವ ಫೈಲ್‌ಗಳ ಮಟ್ಟಿಗೆ ಅದು ನಿಜವೇ. ಆದರೆ 777 ಎಂಬುದು ಈಗಾಗಲೇ ಇರುವ ಫೈಲ್ ಮತ್ತು ಫೋಲ್ಡರ್‌ಗಳ ಅನುಮತಿಯನ್ನು ಬದಲಿಸುತ್ತದೆಯೇ ಹೊರತು, ನಾಳೆ ಹುಟ್ಟುವ ಫೋಲ್ಡರ್ ಯಾವ ಅನುಮತಿಯೊಂದಿಗೆ ಹುಟ್ಟಬೇಕು ಎಂಬುದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಮುಂದಿನ ಏಪ್ರಿಲ್‌ನಲ್ಲಿ ನೀವು ಇದೇ ಪ್ರಶ್ನೆಯನ್ನು 2026-27 ಎಂದು ತಿದ್ದಿ ಮತ್ತೆ ಕೇಳಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಮ್ಮಲ್ಲಿರುವುದು ಬೇರೆಯವರ ಆದಾಯ ತೆರಿಗೆಯ ದಾಖಲೆಗಳು. ಈ ಮೂರು ಅಂಕಿಗಳು ಕ್ರಮವಾಗಿ ಮಾಲೀಕರು, ಗುಂಪು ಮತ್ತು ಇತರರ ಅನುಮತಿಗಳು; ಪ್ರತಿಯೊಂದೂ ಓದು 4, ಬರಹ 2, ಎಕ್ಸಿಕ್ಯೂಟ್ (ಫೋಲ್ಡರ್ ಆದರೆ ಒಳಹೋಗುವ ಹಕ್ಕು) 1 ಎಂಬವುಗಳ ಮೊತ್ತ. ಕೊನೆಯ 7 ಎಂಬ ಅಂಕಿ ಆ ಸರ್ವರ್‌ನಲ್ಲಿರುವ ಪ್ರತಿಯೊಂದು ಖಾತೆಗೂ, ಅಂದರೆ ಅಲ್ಲಿ ಎಂದೋ ಹಾಕಿ ಮರೆತ ವೆಬ್ ಸರ್ವರ್ ಬಳಸುವ ಖಾತೆಗೂ, ಅವನ್ನು ಓದುವ ಮತ್ತು ಅಳಿಸುವ ಹಕ್ಕು ಕೊಡುತ್ತದೆ.

ಇಂಥ ದೋಷವನ್ನು ಹುಡುಕುವಾಗ ಊಹೆಗಿಂತ ಮೊದಲು, ‘ಆಗದು’ ಎನ್ನುತ್ತಿರುವುದು ಯಾವ ಹಂತ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ನಿಮ್ಮ ವಿಂಡೋಸ್ ಕಂಪ್ಯೂಟರಿನಿಂದ ಹೊರಟ ಕೋರಿಕೆ ಮೊದಲು ಯಾರ ಹೆಸರಿನಲ್ಲಿ ಸರ್ವರ್ ತಲುಪಿತು ಎಂಬ ಪ್ರಶ್ನೆ ಇದೆ. ಆಮೇಲೆ ಆ ಹೆಸರಿಗೆ ಶೇರ್‌ನೊಳಗೆ ಪ್ರವೇಶವಿದೆಯೇ ಎಂದು ಸಾಂಬಾ ನೋಡುತ್ತದೆ. ಅದೂ ಮುಗಿದ ಮೇಲೆ ಲಿನಕ್ಸ್ ತನ್ನ ಮಾಲೀಕ, ಗುಂಪು, ಇತರರು ಎಂಬ ಲೆಕ್ಕದಲ್ಲಿ, ಮೇಲಿನ ಡೈರೆಕ್ಟರಿಯಿಂದ (ಅಂದರೆ ಫೋಲ್ಡರಿನಿಂದ) ಕೆಳಗಿನವರೆಗೆ ಪ್ರತಿಯೊಂದನ್ನೂ ತಪಾಸಣೆ ಮಾಡುತ್ತದೆ. ಈ ಮೂರರಲ್ಲಿ ಯಾವುದು ತಡೆದರೂ ವಿಂಡೋಸ್ ತೋರಿಸುವ ಸಂದೇಶ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನಿಮ್ಮ ಮೂರು ತೊಂದರೆಗಳು ಒಂದೇ ರೀತಿ ಕಾಣುತ್ತಿವೆ. ಹೊಸಬರ ತೊಂದರೆ ಮೊದಲ ಎರಡು ಹಂತಗಳಲ್ಲಿ ಎಲ್ಲೋ ಇದೆ. ಉಳಿದ ಎರಡು ಮೂರನೆಯ ಹಂತದವು ಎಂದು ಸದ್ಯಕ್ಕೆ ನನ್ನ ಅಂದಾಜು.

ಅಂದಾಜನ್ನು ಖಚಿತಪಡಿಸಿಕೊಳ್ಳಲು ಸರ್ವರ್‌ನಲ್ಲಿ ಕೆಲವನ್ನು ಓಡಿಸಿ, ಬಂದ ಉತ್ತರವನ್ನು ಇಲ್ಲಿ ಹಾಕಿ. ‘ಟೆಸ್ಟ್‌ಪಾರ್ಮ್’ ಓಡಿಸಿದರೆ ಶೇರ್‌ನ ಸೆಟ್ಟಿಂಗ್‌ಗಳನ್ನು ಸಾಂಬಾ ಹೇಗೆ ಅರ್ಥಮಾಡಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ತೊಂದರೆ ಕೊಡುತ್ತಿರುವ ಒಂದು 2025-26 ಫೋಲ್ಡರಿನ ಪೂರ್ತಿ ದಾರಿಯನ್ನು ‘ನೇಮ್‌ಐ’ ಕಮಾಂಡಿಗೆ ಸಣ್ಣ ‘ಎಲ್’ ಆಯ್ಕೆಯೊಂದಿಗೆ ಕೊಡಿ. ಅದು ಬೇರಿನಿಂದ ತುದಿಯವರೆಗೆ ಪ್ರತಿ ಡೈರೆಕ್ಟರಿಯ ಮಾಲೀಕರು, ಗುಂಪು ಮತ್ತು ಅನುಮತಿಯನ್ನು ಒಂದರ ಕೆಳಗೊಂದರಂತೆ ತೋರಿಸುತ್ತದೆ. ಜನ ಸಾಮಾನ್ಯವಾಗಿ ಕೊನೆಯ ಫೋಲ್ಡರನ್ನು ಮಾತ್ರ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ಓಣಿಯ ಬಾಗಿಲಿಗೆ ಬೀಗವಿದ್ದರೆ ಮನೆಯ ಬಾಗಿಲು ತೆರೆದಿದ್ದು ಏನು ಪ್ರಯೋಜನ? ಮೇಲಿನ ಯಾವುದೇ ಡೈರೆಕ್ಟರಿಯಲ್ಲಿ ಎಕ್ಸಿಕ್ಯೂಟ್ ಅನುಮತಿ ಇಲ್ಲದಿದ್ದರೆ ಅದರ ಕೆಳಗಿನ ಯಾವುದನ್ನೂ ತಲುಪಲಾಗದು. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು (ಪ್ರತಿ ಬಳಕೆದಾರರ ಸ್ವಂತ ಫೋಲ್ಡರ್‌ಗಳು) 755ರ ಬದಲು 750 ಅನುಮತಿಯೊಂದಿಗೆ ಸೃಷ್ಟಿಯಾಗುತ್ತವೆ; ಯಾರದೋ ಹೋಮ್ ಒಳಗೆ ಶೇರ್ ಇಟ್ಟುಕೊಂಡವರು ಸರ್ವರನ್ನು ಹೊಸದಾಗಿ ಅಳವಡಿಸಿಕೊಂಡಾಗ ಎಡವುವುದು ಇಲ್ಲಿಯೇ.

ಜೊತೆಗೆ ಆ ಸಹಾಯಕರದ್ದು ಮತ್ತು ಹೊಸಬರದ್ದು, ಇಬ್ಬರ ಹೆಸರಿಗೂ ‘ಐಡಿ’ ಕಮಾಂಡ್ ಓಡಿಸಿ ಗುಂಪುಗಳನ್ನು ನೋಡಿ. ಹೊಸಬರ ಕಂಪ್ಯೂಟರಿನ ಹೆಸರಿನ ಲಾಗ್ ಫೈಲ್ ಸರ್ವರ್‌ನ ಲಾಗ್ ಡೈರೆಕ್ಟರಿಯಲ್ಲಿ ಸಾಂಬಾ ಎಂಬ ಫೋಲ್ಡರಿನೊಳಗೆ ಇರುತ್ತದೆ. ಲಾಗ್ ಲೆವೆಲ್ ಅನ್ನು ತಾತ್ಕಾಲಿಕವಾಗಿ 3ಕ್ಕೆ ಏರಿಸಿ, ಅವರಿಂದ ಒಮ್ಮೆ ಝಡ್ ಡ್ರೈವ್ ತೆರೆಯಲು ಯತ್ನಿಸಿ, ಅಲ್ಲಿ ಏನು ಬರೆದಿದೆ ಎಂದು ಓದಿ.

ಲೆಕ್ಕದಮನೆ

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಟೆಸ್ಟ್‌ಪಾರ್ಮ್ ದೋಷವೇನನ್ನೂ ತೋರಿಸಲಿಲ್ಲ. ಶೇರ್‌ನ ಕೆಳಗೆ ನಾನು ಮೊದಲು ಹೇಳಿದ ಸಾಲುಗಳೇ ಇವೆ. ನೇಮ್‌ಐ ತೋರಿಸಿದ ಅಕ್ಷರಗಳನ್ನು ಅಂಕಿಗೆ ಬದಲಿಸಿ ಬರೆಯುತ್ತಿದ್ದೇನೆ. ಮೊದಲು ಅನುಮತಿ, ಆಮೇಲೆ ಮಾಲೀಕರು, ಗುಂಪು:

ಎಸ್‌ಆರ್‌ವಿ: 755, ರೂಟ್, ರೂಟ್
ಕಚೇರಿ: 775, ರೂಟ್, ಆಡಿಟ್
ಕಕ್ಷಿದಾರರು: 775, ರೂಟ್, ಆಡಿಟ್
ಕಕ್ಷಿದಾರರೊಬ್ಬರ ಫೋಲ್ಡರ್: 775, ರೂಟ್, ಆಡಿಟ್
2025-26: 755, ಸಹಾಯಕ2, ಸಹಾಯಕ2

ಅದೇ ಕಕ್ಷಿದಾರರ 2024-25 ಫೋಲ್ಡರ್ ನೋಡಿದರೆ 775, ರೂಟ್, ಆಡಿಟ್ ಎಂದಿದೆ. ಕಟ್ ಮಾಡಿ ತಂದ ಪಿಡಿಎಫ್‌ಗೆ 744, ಸ್ಕ್ಯಾನರ್, ಸ್ಕ್ಯಾನರ್ ಎಂದು ಬಂತು. ಸಹಾಯಕ2 ಮತ್ತು ಹೊಸಬರು ಇಬ್ಬರೂ ಆಡಿಟ್ ಗುಂಪಿನಲ್ಲಿದ್ದಾರೆ ಎಂದು ಐಡಿ ಹೇಳುತ್ತದೆ.

ಹೊಸಬರ ಕಂಪ್ಯೂಟರಿನ ಲಾಗ್‌ನಲ್ಲಿ ಮಾತ್ರ ವಿಚಿತ್ರವೊಂದು ಕಂಡಿತು. ‘ಸಹಾಯಕ4’ ಎಂಬ ಬಳಕೆದಾರರಿಗೆ ಈ ಶೇರ್ ಬಳಸಲು ಅನುಮತಿ ಇಲ್ಲ ಎಂಬ ಅರ್ಥದ ಸಾಲು ಅಲ್ಲಿದೆ. ಸಹಾಯಕ4 ಎಂದರೆ ಆ ಮೇಜಿನಲ್ಲಿ ಮೊದಲು ಕುಳಿತಿದ್ದು, ಕೆಲಸ ಬಿಟ್ಟುಹೋದವರ ಖಾತೆ. ಅವರನ್ನು ಗುಂಪಿನಿಂದ ತೆಗೆದಿದ್ದೇವೆ. ಹೊಸಬರು ತಮ್ಮದೇ ಹೆಸರಿನಲ್ಲಿ ವಿಂಡೋಸ್‌ಗೆ ಲಾಗಿನ್ ಆಗುತ್ತಾರೆಂದು ಹೇಳುತ್ತಾರೆ.

ಸರ್ವರ್‌ಕಾವಲು

ಈಗ ಎಲ್ಲವೂ ಬಿಡಿಸಿ ಇಟ್ಟಂತೆ ಕಾಣುತ್ತಿದೆ. ಹೊಸಬರ ವಿಷಯವನ್ನು ವಿಂಡೋಸ್ ಬಲ್ಲವರಿಗೆ ಬಿಟ್ಟು, ಫೋಲ್ಡರಿನ ವಿಷಯ ಹೇಳುತ್ತೇನೆ.

ಉಬುಂಟುವಿನಲ್ಲಿ ಹೊಸ ಬಳಕೆದಾರರನ್ನು ಸೃಷ್ಟಿಸಿದಾಗ ಅವರದೇ ಹೆಸರಿನ ಒಂದು ಗುಂಪೂ ಸೃಷ್ಟಿಯಾಗಿ, ಅದೇ ಅವರ ಪ್ರಧಾನ ಗುಂಪಾಗುತ್ತದೆ. ಆಡಿಟ್ ಎಂಬುದು ಆಮೇಲೆ ಸೇರಿಸಿದ ಹೆಚ್ಚುವರಿ ಗುಂಪು. ಹೆಚ್ಚುವರಿ ಗುಂಪು, ಈಗಾಗಲೇ ಇರುವ ಫೈಲ್‌ಗಳನ್ನು ಬಳಸಲು ನೆರವಾಗುತ್ತದೆ. ಆದರೆ ಹೊಸದಾಗಿ ಏನನ್ನಾದರೂ ಸೃಷ್ಟಿಸಿದಾಗ ಅದರ ಮೇಲೆ ಬೀಳುವ ಮುದ್ರೆ ಪ್ರಧಾನ ಗುಂಪಿನದು. ಆದ್ದರಿಂದಲೇ 2025-26 ಫೋಲ್ಡರಿನ ಗುಂಪಿನ ಜಾಗದಲ್ಲಿ ಸಹಾಯಕ2 ಎಂದಿದೆ. ಇನ್ನು 755 ಎಲ್ಲಿಂದ ಬಂತು? ಸಾಂಬಾದ ಸೆಟ್ಟಿಂಗ್‌ನಲ್ಲಿ ನೀವು ಏನನ್ನೂ ಹೇಳದಿದ್ದರೆ, ಹೊಸ ಫೋಲ್ಡರ್‌ಗೆ ಸಿಗಬಹುದಾದ ಗರಿಷ್ಠ ಅನುಮತಿ, ಅಂದರೆ ಡೈರೆಕ್ಟರಿ ಮಾಸ್ಕ್, 0755 ಮತ್ತು ಹೊಸ ಫೈಲ್‌ಗೆ ಅದೇ ರೀತಿಯ ಕ್ರಿಯೇಟ್ ಮಾಸ್ಕ್ 0744 ಎಂದು ಅದು ತಾನೇ ಇಟ್ಟುಕೊಳ್ಳುತ್ತದೆ. ನಿಮ್ಮ ಪಿಡಿಎಫ್‌ನ 744 ಕೂಡ ಇದೇ ಲೆಕ್ಕ. ಅಂದರೆ ಇತರರಿಗೆ ಫೋಲ್ಡರ್ ಪ್ರವೇಶಿಸಲು, ಓದಲು ಅವಕಾಶವಿದೆ. ಬರೆಯುವ ಹಕ್ಕು ಮಾಲೀಕರೊಬ್ಬರಿಗೇ. ಹಳೆಯ ವರ್ಷದ ಫೋಲ್ಡರ್‌ಗಳು ಸರಿಯಾಗಿ ನಡೆಯುತ್ತಿರುವುದಕ್ಕೆ ಕಾರಣ, ಹಿಂದಿನವರು ಪ್ರತಿ ವರ್ಷ ಕೈಯಾರೆ ಮಾಲೀಕರನ್ನೂ ಅನುಮತಿಯನ್ನೂ ಬದಲಿಸುತ್ತಿದ್ದರು ಎಂಬುದೇ ಇರಬೇಕು. ‘ರೂಟ್, ಆಡಿಟ್’ ಎಂಬ ಗುರುತು ಅದನ್ನೇ ಹೇಳುತ್ತದೆ. ಅವರು ಹೋದರು, ಆ ಕೈಕೆಲಸವೂ ನಿಂತಿತು.

ಹಾಗಾಗಿ ಮಾಡಬೇಕಾದ ಕೆಲಸ ಎರಡು: ಮೊದಲು ಹೊಸದು ಸರಿಯಾಗಿ ಹುಟ್ಟುವಂತೆ ಮಾಡುವುದು, ಆಮೇಲೆ ಹಳೆಯದನ್ನು ತಿದ್ದುವುದು. ಕ್ರಮ ತಿರುಗುಮುರುಗಾದರೆ, ನೀವು ತಿದ್ದುತ್ತಿರುವಾಗಲೇ ಯಾರೋ ತಪ್ಪು ಅನುಮತಿಯ ಇನ್ನೊಂದು ಫೋಲ್ಡರ್ ಮಾಡಿರುತ್ತಾರೆ.

ಸಾಂಬಾದ ಸೆಟ್ಟಿಂಗ್ ಫೈಲ್‌ನಲ್ಲಿ ಕಚೇರಿ ಶೇರ್‌ನ ಕೆಳಗೆ ‘ಫೋರ್ಸ್ ಗ್ರೂಪ್’ ಎಂಬುದಕ್ಕೆ ಆಡಿಟ್ ಎಂದು, ಆ ಹೆಸರಿಗಿಂತ ಮೊದಲು ಒಂದು ಕೂಡುವ ಚಿಹ್ನೆ ಇಟ್ಟು ಬರೆಯಿರಿ. ಆ ಚಿಹ್ನೆ ಇದ್ದರೆ, ಈಗಾಗಲೇ ಆಡಿಟ್ ಗುಂಪಿನಲ್ಲಿ ಇರುವವರಿಗೆ ಮಾತ್ರ ಆ ಶೇರ್‌ನ ಮಟ್ಟಿಗೆ ಅದು ಪ್ರಧಾನ ಗುಂಪಾಗುತ್ತದೆ. ಚಿಹ್ನೆ ಇಲ್ಲದೆ ಬರೆದರೆ ಶೇರ್‌ಗೆ ಬರುವ ಯಾರನ್ನೇ ಆಗಲಿ ಆಡಿಟ್ ಗುಂಪಿನವರೆಂದೇ ಪರಿಗಣಿಸಲಾಗುತ್ತದೆ. ನಿಮ್ಮಲ್ಲಿ ವ್ಯಾಲಿಡ್ ಯೂಸರ್ಸ್ ಇರುವುದರಿಂದ ಇಂದು ಅಪಾಯವಿಲ್ಲ, ಆದರೆ ಆ ಸಾಲನ್ನು ನಾಳೆ ಯಾರಾದರೂ ಸಡಿಲಿಸಿದರೆ ತೊಂದರೆ. ಬಳಿಕ ಕ್ರಿಯೇಟ್ ಮಾಸ್ಕ್ ಮತ್ತು ಫೋರ್ಸ್ ಕ್ರಿಯೇಟ್ ಮೋಡ್ ಎರಡಕ್ಕೂ 0660, ಡೈರೆಕ್ಟರಿ ಮಾಸ್ಕ್ ಮತ್ತು ಫೋರ್ಸ್ ಡೈರೆಕ್ಟರಿ ಮೋಡ್ ಎರಡಕ್ಕೂ 2770 ಕೊಡಿ. ಮಾಸ್ಕ್ ಎಂಬುದು ಬೇಡದ ಬಿಟ್‌ಗಳನ್ನು (ಅನುಮತಿಯ ಗುರುತುಗಳನ್ನು) ಕತ್ತರಿಸುತ್ತದೆ, ಫೋರ್ಸ್ ಎಂಬುದು ಬೇಕಾದವನ್ನು ಸೇರಿಸುತ್ತದೆ. ಒಂದನ್ನು ಮಾತ್ರ ಕೊಟ್ಟು ‘ಏಕೆ ಆಗುತ್ತಿಲ್ಲ’ ಎಂದು ಕೇಳುವವರು ಬಹಳ ಮಂದಿ. 2770ರ ಮೊದಲ 2 ಎಂದರೆ ಸೆಟ್‌ಜಿಐಡಿ ಬಿಟ್: ಅದಿರುವ ಡೈರೆಕ್ಟರಿಯಲ್ಲಿ ಹುಟ್ಟುವ ಪ್ರತಿಯೊಂದೂ, ಸೃಷ್ಟಿಸಿದವರ ಪ್ರಧಾನ ಗುಂಪು ಯಾವುದೇ ಇರಲಿ, ಆ ಡೈರೆಕ್ಟರಿಯ ಗುಂಪನ್ನೇ ಪಡೆಯುತ್ತದೆ, ಒಳಗಿನ ಹೊಸ ಡೈರೆಕ್ಟರಿಗಳು ಆ ಬಿಟ್ಟನ್ನೂ ಪಡೆಯುತ್ತವೆ.

‘ಇನ್ಹೆರಿಟ್ ಪರ್ಮಿಷನ್ಸ್’ ಎಂಬ ಇನ್ನೊಂದು ದಾರಿಯೂ ಇದೆ. ಅದು ಮೇಲಿನ ಡೈರೆಕ್ಟರಿಯ ಅನುಮತಿಯನ್ನೇ ಹೊಸದಕ್ಕೆ ಕೊಡುತ್ತದೆ. ಅದನ್ನು ‘ಯೆಸ್’ ಮಾಡಿದರೆ ಮೇಲೆ ಹೇಳಿದ ಮಾಸ್ಕ್ ಮತ್ತು ಫೋರ್ಸ್ ಸಾಲುಗಳು ಲೆಕ್ಕಕ್ಕೇ ಬರುವುದಿಲ್ಲ. ಎರಡನ್ನೂ ಬೆರೆಸಬೇಡಿ. ನಿಮ್ಮಂತೆ ಒಂದೇ ಗುಂಪು ಬಳಸುವ ಶೇರ್‌ಗೆ ಮಾಸ್ಕ್‌ನ ದಾರಿ ಸ್ಪಷ್ಟ ಎಂಬುದು ನನ್ನ ಅಭಿಪ್ರಾಯ.

ಸ್ಕ್ಯಾನರ್ ಖಾತೆಯೂ ಆಡಿಟ್ ಗುಂಪಿನಲ್ಲಿದೆಯೇ ಎಂದು ನೋಡಿಕೊಳ್ಳಿ. ಶೇರ್ ತೆರೆಯುತ್ತಿದೆ ಎಂದರೆ ಇರಲೇಬೇಕು. ಕಟ್-ಪೇಸ್ಟ್‌ನ ರಹಸ್ಯ ಇಷ್ಟೇ: ಒಂದೇ ಶೇರ್‌ನೊಳಗೆ ಫೈಲ್ ಸರಿಸಿದಾಗ ಸರ್ವರ್‌ನಲ್ಲಿ ನಡೆಯುವುದು ಬರೀ ಹೆಸರಿನ ಬದಲಾವಣೆ. ಹೊಸ ಫೈಲ್ ಹುಟ್ಟುವುದಿಲ್ಲ, ಆದ್ದರಿಂದ ಹಳೆಯ ಮಾಲೀಕರು, ಹಳೆಯ ಗುಂಪು, ಹಳೆಯ ಅನುಮತಿ ಹಾಗೆಯೇ ಜೊತೆಗೆ ಬರುತ್ತವೆ. ಕಾಪಿ ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ, ಹೊಸ ಜಾಗದ ನಿಯಮ ಅನ್ವಯಿಸುತ್ತದೆ. ಸ್ಕ್ಯಾನ್ ಫೋಲ್ಡರಿನಲ್ಲಿಯೇ ಫೈಲ್ 660 ಮತ್ತು ಆಡಿಟ್ ಎಂದು ಹುಟ್ಟಿದರೆ ಈ ವ್ಯತ್ಯಾಸ ನಿಮ್ಮನ್ನು ಕಾಡುವುದಿಲ್ಲ.

ಹಳೆಯದನ್ನು ತಿದ್ದಲು, ಬ್ಯಾಕಪ್ ಇದೆ ಎಂದು ಖಚಿತಪಡಿಸಿಕೊಂಡ ನಂತರ, ಕಚೇರಿ ಫೋಲ್ಡರಿನಡಿ ಇರುವ ಎಲ್ಲದರ ಗುಂಪನ್ನು ಆಡಿಟ್ ಎಂದು ಬದಲಿಸಿ. ಆಮೇಲೆ ಸಿಎಚ್‌ಮಾಡ್‌ನಲ್ಲಿ ಅಂಕಿಗಳ ಬದಲು ಅಕ್ಷರಗಳನ್ನು ಬಳಸಿ: ಗುಂಪಿಗೆ ಓದು, ಬರಹ ಮತ್ತು ದೊಡ್ಡಕ್ಷರದ ‘ಎಕ್ಸ್’ ಸೇರಿಸಿ, ಇತರರಿಂದ ಎಲ್ಲವನ್ನೂ ತೆಗೆಯಿರಿ. ದೊಡ್ಡಕ್ಷರದ ಎಕ್ಸ್ ಡೈರೆಕ್ಟರಿಗಳಿಗೆ ಎಕ್ಸಿಕ್ಯೂಟ್ ಅನುಮತಿ ಕೊಡುತ್ತದೆ, ಈಗಾಗಲೇ ಯಾರಿಗಾದರೂ ಎಕ್ಸಿಕ್ಯೂಟ್ ಇರುವ ಫೈಲ್‌ಗಳನ್ನು ಬಿಟ್ಟರೆ ಸಾಮಾನ್ಯ ಫೈಲ್‌ಗಳಿಗೆ ಕೊಡುವುದಿಲ್ಲ. ಇದನ್ನು ತಿಳಿಯದೆ ಎಲ್ಲದಕ್ಕೂ 660 ಎಂದು ಒಂದೇ ಏಟಿಗೆ ಕೊಟ್ಟರೆ ಡೈರೆಕ್ಟರಿಗಳ ಎಕ್ಸಿಕ್ಯೂಟ್ ಹೋಗಿ, ಯಾವ ಫೋಲ್ಡರಿನೊಳಗೂ ಯಾರೂ ಇಳಿಯಲಾಗದಂತಾಗುತ್ತದೆ. ಕೊನೆಗೆ ‘ಫೈಂಡ್’ ಕಮಾಂಡಿನಿಂದ ಡೈರೆಕ್ಟರಿಗಳನ್ನು ಮಾತ್ರ ಆರಿಸಿ ಅವುಗಳಿಗೆ ಸೆಟ್‌ಜಿಐಡಿ ಬಿಟ್ ಕೊಡಿ. ಸಾಂಬಾದ ಸೆಟ್ಟಿಂಗ್‌ಗಳನ್ನು ಮರುಲೋಡ್ ಮಾಡಿದರೂ ಆಗಲೇ ತೆರೆದಿರುವ ಸಂಪರ್ಕಗಳಿಗೆ ಬದಲಾವಣೆ ತಟ್ಟದಿರಬಹುದು. ಎಲ್ಲರೂ ಮನೆಗೆ ಹೋದ ಮೇಲೆ ಸಾಂಬಾ ಸರ್ವಿಸ್ ರಿಸ್ಟಾರ್ಟ್ ಮಾಡುವುದು ಒಳ್ಳೆಯದು.

ಕಿಟಕಿಯಾಚೆ

ಹೊಸಬರ ಕಂಪ್ಯೂಟರಿನ ಬಗ್ಗೆ: ವಿಂಡೋಸ್‌ಗೆ ಲಾಗಿನ್ ಆಗುವ ಹೆಸರು ಬೇರೆ, ವಿಂಡೋಸ್ ಸರ್ವರ್‌ಗೆ ಕಳುಹಿಸುವ ಹೆಸರು ಬೇರೆ ಇರಲು ಸಾಧ್ಯ. ನಿಮ್ಮಲ್ಲಿ ಡೊಮೈನ್ (ಎಲ್ಲ ಕಂಪ್ಯೂಟರುಗಳ ಖಾತೆಗಳನ್ನು ಒಂದೆಡೆ ನಿರ್ವಹಿಸುವ ವ್ಯವಸ್ಥೆ) ಇಲ್ಲವೆಂದು ಭಾವಿಸಿದ್ದೇನೆ. ಹಿಂದಿನವರು ಝಡ್ ಡ್ರೈವ್ ಜೋಡಿಸುವಾಗ ‘ರಿಮೆಂಬರ್ ಮೈ ಕ್ರೆಡೆನ್ಷಿಯಲ್ಸ್’ ಎಂಬ ಚೌಕಕ್ಕೆ ಟಿಕ್ ಹಾಕಿರುತ್ತಾರೆ. ಅದು ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದು ಸರ್ವರ್‌ಗೆ ಸಹಾಯಕ4 ಎಂದೇ ಪರಿಚಯ ಹೇಳುತ್ತಿದೆ. ಈ ಉಳಿಕೆ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತದಾದ್ದರಿಂದ, ಹೊಸಬರಿಗೆ ಕೊಟ್ಟಿರುವುದು ಹಳೆಯವರ ವಿಂಡೋಸ್ ಖಾತೆಯನ್ನೇ, ಅದರ ಹೆಸರನ್ನು ಮಾತ್ರ ಬದಲಿಸಿ, ಎಂದು ನನ್ನ ಗುಮಾನಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್ ಎಂಬಲ್ಲಿ ಸರ್ವರ್‌ನ ಹೆಸರಿನಲ್ಲೂ ಅದರ ಐಪಿ ವಿಳಾಸದಲ್ಲೂ ಇರುವ ನಮೂದುಗಳನ್ನು ತೆಗೆದುಹಾಕಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಎಂದು ಕೊಟ್ಟು ಜೋಡಣೆಗಳನ್ನು ನೋಡಿ, ಹಳೆಯದನ್ನು ಅಳಿಸಿ, ಲಾಗ್ ಆಫ್ ಆಗಿ ಬಂದು ಹೊಸದಾಗಿ ಜೋಡಿಸಿ.

ಜೋಡಿಸುವಾಗ ದೋಷ ಸಂಖ್ಯೆ 1219 ಬಂದರೆ ಗಾಬರಿಯಾಗಬೇಡಿ. ಒಂದೇ ಸರ್ವರ್‌ಗೆ ಒಂದೇ ಹೊತ್ತಿನಲ್ಲಿ ಎರಡು ಬೇರೆ ಹೆಸರುಗಳಿಂದ ಸಂಪರ್ಕಿಸಲು ವಿಂಡೋಸ್ ಬಿಡುವುದಿಲ್ಲ, ಅದರ ಸೂಚನೆ ಅದು. ಹೆಸರಿನ ಬದಲು ಐಪಿ ವಿಳಾಸ ಕೊಟ್ಟರೆ ವಿಂಡೋಸ್ ಅದನ್ನು ಬೇರೆಯೇ ಸರ್ವರ್ ಎಂದು ಭಾವಿಸಿ ಒಳಗೆ ಬಿಡುತ್ತದೆ; ಪರೀಕ್ಷೆಗೆ ಈ ಉಪಾಯ ಸರಿ, ನಿತ್ಯದ ಬಳಕೆಗೆ ಹೀಗೆ ಬಿಟ್ಟರೆ ಆರು ತಿಂಗಳ ನಂತರ ಯಾರ ಹೆಸರಿನಲ್ಲಿ ಯಾವುದು ತೆರೆದಿದೆ ಎಂದು ಯಾರಿಗೂ ತಿಳಿಯದು. ಇನ್ನೊಂದು ಮಾತು: ಗುಂಪಿಗೆ ಯಾರನ್ನಾದರೂ ಸೇರಿಸಿದಾಗ, ಅವರ ಈಗಿನ ಸಂಪರ್ಕಕ್ಕೆ ಅದು ಗೊತ್ತಾಗುವುದಿಲ್ಲ. ಸಂಪರ್ಕ ಕಡಿದು ಮತ್ತೆ ಬಂದ ಮೇಲೆಯೇ ಹೊಸ ಗುಂಪಿನ ಲೆಕ್ಕ ಆಗುತ್ತದೆ.

ವಿಂಡೋಸ್ ಸರ್ವರ್ ಇಟ್ಟುಕೊಂಡು ಇದೇ ಪ್ರಶ್ನೆಯೊಂದಿಗೆ ಇಲ್ಲಿಗೆ ಬರುವವರಿಗಾಗಿ ಹೇಳುವುದಾದರೆ, ಅಲ್ಲಿ ಶೇರ್‌ನ ಅನುಮತಿ ಮತ್ತು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಅನುಮತಿ ಎರಡೂ ಅನ್ವಯಿಸಿ, ಯಾವುದು ಬಿಗಿಯೋ ಅದೇ ಉಳಿಯುತ್ತದೆ. ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ‘ಫುಲ್ ಕಂಟ್ರೋಲ್’ ಕೊಟ್ಟು, ಶೇರಿಂಗ್ ಪುಟದಲ್ಲಿ ‘ರೀಡ್’ ಎಂದೇ ಬಿಟ್ಟು ಪರದಾಡುವುದು ತೀರ ಸಾಮಾನ್ಯ. ‘ಎಫೆಕ್ಟಿವ್ ಆಕ್ಸೆಸ್’ ಎಂಬ ಪುಟದಲ್ಲಿ ಬಳಕೆದಾರರ ಹೆಸರು ಕೊಟ್ಟು ನೋಡಿದರೆ ಅರ್ಧ ಊಹೆಯ ಕೆಲಸ ತಪ್ಪುತ್ತದೆ.

ಲೆಕ್ಕದಮನೆ

ಹೊಸಬರ ಸಮಸ್ಯೆ ಪರಿಹಾರವಾಯಿತು. ಗುಮಾನಿ ನಿಜವೇ ಆಗಿತ್ತು, ಖಾತೆ ಹಳೆಯದು, ಹೆಸರು ಮಾತ್ರ ಹೊಸದು. ಸಾಂಬಾದಲ್ಲಿ ಹೇಳಿದ ಸಾಲುಗಳನ್ನು ಸೇರಿಸಿ, ಶನಿವಾರ ಸಂಜೆ ಹಳೆಯ ಅನುಮತಿಗಳನ್ನೂ ತಿದ್ದಿದೆ. 2025-26 ಫೋಲ್ಡರ್‌ಗಳಲ್ಲಿ ಈಗ ಎಲ್ಲರೂ ಕೆಲಸ ಮಾಡುತ್ತಿದ್ದಾರೆ. ಹೊಸ ಫೋಲ್ಡರ್ ಮಾಡಿ ನೋಡಿದರೆ 2770, ಆಡಿಟ್ ಎಂದೇ ಬರುತ್ತಿದೆ.

ಆದರೆ ‘ಟಿಡಿಎಸ್’ ಎಂಬ ಒಂದು ಫೋಲ್ಡರ್ ಮಾತ್ರ ದಾರಿಗೆ ಬರುತ್ತಿಲ್ಲ. ಅಲ್ಲಿ ಯಾರು ಬೇಕಾದರೂ ಹೊಸ ಎಕ್ಸೆಲ್ ಫೈಲ್ ಮಾಡಬಹುದು. ಬೇರೆಯವರು ಮಾಡಿದ ಫೈಲನ್ನು ತೆರೆಯಬಹುದು, ಅಂಕಿಗಳನ್ನು ತಿದ್ದಬಹುದು, ‘ರೀಡ್ ಓನ್ಲಿ’ ಎಂದೂ ತೋರಿಸುವುದಿಲ್ಲ. ಉಳಿಸಲು ಹೋದಾಗ ಮಾತ್ರ ಎಕ್ಸೆಲ್ ಒಪ್ಪುವುದಿಲ್ಲ. ಒಮ್ಮೊಮ್ಮೆ ಎಂಟು ಅಕ್ಷರಗಳ, ಎಕ್ಸ್‌ಟೆನ್ಶನ್ ಇಲ್ಲದ ಅರ್ಥವಿಲ್ಲದ ಹೆಸರಿನ ಫೈಲೊಂದು ಅಲ್ಲೇ ಉಳಿದಿರುತ್ತದೆ. ಅದೇ ಜಾಗದಲ್ಲಿ ನೋಟ್‌ಪ್ಯಾಡ್‌ನ ಟೆಕ್ಸ್ಟ್ ಫೈಲ್ ಆದರೆ ಬೇರೆಯವರದ್ದನ್ನೂ ತಿದ್ದಿ ಉಳಿಸಬಹುದು! ಎಕ್ಸೆಲ್‌ನದ್ದೇ ದೋಷವೇ?

ಸರ್ವರ್‌ಕಾವಲು

ಎಕ್ಸೆಲ್‌ನ ದೋಷವಲ್ಲ, ನೋಟ್‌ಪ್ಯಾಡ್‌ನೊಂದಿಗೆ ಹೋಲಿಸಿ ನೋಡಿದ್ದರಿಂದ ನೀವೇ ಅರ್ಧ ಉತ್ತರ ಕಂಡುಕೊಂಡಿದ್ದೀರಿ. ನೋಟ್‌ಪ್ಯಾಡ್ ಈಗಾಗಲೇ ಇರುವ ಫೈಲಿನೊಳಗೇ ಬರೆಯುತ್ತದೆ. ಎಕ್ಸೆಲ್ ಹಾಗೆ ಮಾಡುವುದಿಲ್ಲ: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಒಂದನ್ನು ಹೊಸದಾಗಿ ಬರೆದು, ಮೂಲ ಫೈಲನ್ನು ತೆಗೆದು, ತಾತ್ಕಾಲಿಕ ಫೈಲಿಗೆ ಮೂಲದ ಹೆಸರಿಡುತ್ತದೆ. ನೀವು ಕಂಡ ಎಂಟಕ್ಷರದ ಫೈಲ್ ಆ ನಡುಹಂತದ್ದು. ಹಾಗಾಗಿ ಎಕ್ಸೆಲ್‌ಗೆ ಫೈಲಿನ ಮೇಲೆ ಬರೆಯುವ ಅನುಮತಿ ಸಾಲದು, ಫೋಲ್ಡರಿನೊಳಗೆ ಬೇರೆಯವರ ಫೈಲನ್ನು ಅಳಿಸುವ ಅನುಮತಿಯೂ ಬೇಕು.

ಟಿಡಿಎಸ್ ಫೋಲ್ಡರಿನ ಮೇಲೆ ನೇಮ್‌ಐ ಓಡಿಸಿ, ಅನುಮತಿಯ ಅಕ್ಷರಗಳ ಸಾಲಿನ ಕೊನೆಯ ಅಕ್ಷರ ನೋಡಿ. ಅಲ್ಲಿ ದೊಡ್ಡಕ್ಷರದ ‘ಟಿ’ ಇರುತ್ತದೆ ಎಂದು ನನ್ನ ನಿರೀಕ್ಷೆ. ಅದು ಸ್ಟಿಕಿ ಬಿಟ್. ಅದು ಇರುವ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಫೈಲ್ ಸೃಷ್ಟಿಸಬಹುದು. ಆದರೆ ಅಳಿಸುವ ಮತ್ತು ಹೆಸರು ಬದಲಿಸುವ ಹಕ್ಕು ಆ ಫೈಲಿನ ಮಾಲೀಕರಿಗೆ, ಡೈರೆಕ್ಟರಿಯ ಮಾಲೀಕರಿಗೆ ಮತ್ತು ರೂಟ್‌ಗೆ ಮಾತ್ರ. ಎಲ್ಲ ಲಿನಕ್ಸ್ ಯಂತ್ರಗಳ ಟೆಂಪ್ ಡೈರೆಕ್ಟರಿ 1777 ಆಗಿರುವುದು ಇದೇ ಕಾರಣಕ್ಕೆ, ಅಲ್ಲಿ ಅದು ಬೇಕೇ ಬೇಕು. ಯಾರೋ ಹಿಂದೆ ‘ಒಬ್ಬರ ಫೈಲ್ ಇನ್ನೊಬ್ಬರು ಅಳಿಸಬಾರದು’ ಎಂದು ಟಿಡಿಎಸ್‌ಗೂ ಅದನ್ನೇ ಕೊಟ್ಟಿರಬೇಕು. ನಾನು ಹೇಳಿದ ಅಕ್ಷರಗಳ ಸಿಎಚ್‌ಮಾಡ್ ಗುಂಪು ಮತ್ತು ಇತರರ ಬಿಟ್‌ಗಳನ್ನಷ್ಟೇ ಮುಟ್ಟುತ್ತದಾದ್ದರಿಂದ ಅದು ಹಾಗೆಯೇ ಉಳಿದಿದೆ. ಸಿಎಚ್‌ಮಾಡ್‌ಗೆ ಕಳೆಯುವ ಚಿಹ್ನೆ ಮತ್ತು ಸಣ್ಣಕ್ಷರದ ‘ಟಿ’ ಕೊಟ್ಟು ತೆಗೆಯಿರಿ. ಇಂಥ ಬೇರೆ ಡೈರೆಕ್ಟರಿಗಳಿವೆಯೇ ಎಂದು ಫೈಂಡ್ ಕಮಾಂಡಿಗೆ ‘ಪರ್ಮ್’ ಆಯ್ಕೆಯಲ್ಲಿ ಕಳೆಯುವ ಚಿಹ್ನೆಯೊಂದಿಗೆ 1000 ಕೊಟ್ಟು ಹುಡುಕಬಹುದು.

ಆಕಸ್ಮಿಕವಾಗಿ ಅಳಿಸಿಹೋಗುವ ಭಯಕ್ಕೆ ಉತ್ತರ ಅನುಮತಿಯಲ್ಲಿಲ್ಲ. ಸಾಂಬಾದ ‘ರೀಸೈಕಲ್’ ಮಾಡ್ಯೂಲ್ ಸೇರಿಸಿದರೆ ಶೇರ್‌ನಲ್ಲಿ ಅಳಿಸಿದ್ದು ಒಂದು ಬೇರೆ ಫೋಲ್ಡರಿಗೆ ಹೋಗಿ ಕೂರುತ್ತದೆ.

ಬಯಲುಸೀಮೆ

ಸ್ವಲ್ಪ ಪಕ್ಕದ ಮಾತು, ಆದರೆ ಉಪಯೋಗಕ್ಕೆ ಬರಬಹುದು. ಫೋರ್ಸ್ ಗ್ರೂಪ್ ಮತ್ತು ಮಾಸ್ಕ್‌ಗಳೆಲ್ಲ ಸಾಂಬಾ ಮೂಲಕ ಬಂದ ಫೈಲ್‌ಗಳಿಗೆ ಮಾತ್ರ. ಸರ್ವರ್‌ನಲ್ಲಿಯೇ ಓಡುವ ಸ್ಕ್ರಿಪ್ಟ್ ಅಥವಾ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಮೂಲಕ ಹಾಕಿದ ಫೈಲ್‌ಗೆ ಸೆಟ್‌ಜಿಐಡಿಯಿಂದ ಗುಂಪೇನೋ ಸರಿಯಾಗಿ ಬರುತ್ತದೆ, ಬರೆಯುವ ಅನುಮತಿಯನ್ನು ಮಾತ್ರ ಅಲ್ಲಿನ ಯುಮಾಸ್ಕ್ (ಹೊಸ ಫೈಲಿನಿಂದ ಯಾವ ಅನುಮತಿ ಕಳೆಯಬೇಕೆಂಬ ಸೆಟ್ಟಿಂಗ್) ನಿರ್ಧರಿಸುತ್ತದೆ. ಅದು 022 ಇದ್ದರೆ ಗುಂಪಿಗೆ ಬರೆಯುವ ಹಕ್ಕು ಹೋಯಿತು. ‘ಸೆಟ್‌ಎಫ್‌ಎಸಿಎಲ್’ ಕಮಾಂಡಿನಿಂದ ಡೈರೆಕ್ಟರಿಗಳಿಗೆ ಡೀಫಾಲ್ಟ್ ಎಸಿಎಲ್ (ಹೊಸದಕ್ಕೆ ತಾನಾಗಿ ಅನ್ವಯಿಸುವ ಅನುಮತಿಗಳ ಪಟ್ಟಿ) ಕೊಟ್ಟರೆ ಆ ತೊಂದರೆಯೂ ತೀರುತ್ತದೆ. ಹಾಗೆ ಮಾಡಿದ ಮೇಲೆ ಅನುಮತಿಯ ಸಾಲಿನ ಕೊನೆಯಲ್ಲಿ ಕೂಡುವ ಚಿಹ್ನೆ ಕಾಣಿಸುತ್ತದೆ. ಅಂಥ ಫೈಲ್‌ಗಳ ಮೇಲೆ ಸಿಎಚ್‌ಮಾಡ್ ಮಾಡಿದರೆ ಗುಂಪಿನ ಅನುಮತಿಯ ಬದಲು ಎಸಿಎಲ್‌ನ ಮಾಸ್ಕ್ ಬದಲಾಗುತ್ತದೆ ಎಂಬುದು ನೆನಪಿರಲಿ. ‘ಗೆಟ್‌ಎಫ್‌ಎಸಿಎಲ್’ ತೋರಿಸುವ ‘ಎಫೆಕ್ಟಿವ್’ ಎಂಬುದನ್ನೇ ನಂಬಿ.

ಸಿಎಚ್‌ಮಾಡ್ ಏನು ಮಾಡಿದರೂ ನಾಟುತ್ತಿಲ್ಲ ಎಂದಾದರೆ ಆ ಡಿಸ್ಕ್‌ನ ಫೈಲ್ ವ್ಯವಸ್ಥೆ ಎಕ್ಸ್‌ಫ್ಯಾಟ್ ಆಗಿದೆಯೇ ನೋಡಿ. ಅದರಲ್ಲಿ ಮಾಲೀಕರು, ಗುಂಪು ಎಂಬುದನ್ನು ಬರೆದಿಡಲು ಜಾಗವೇ ಇಲ್ಲ, ಮೌಂಟ್ ಮಾಡುವಾಗ (ಡಿಸ್ಕನ್ನು ಸರ್ವರ್‌ಗೆ ಜೋಡಿಸುವಾಗ) ಕೊಟ್ಟದ್ದೇ ಕೊನೆ. ಇದ್ದಕ್ಕಿದ್ದಂತೆ ಎಲ್ಲರಿಗೂ ಒಟ್ಟಿಗೆ ಬರೆಯುವ ಹಕ್ಕು ಹೋದರೆ, ಡಿಸ್ಕ್‌ನ ದೋಷದಿಂದ ಲಿನಕ್ಸ್‌ನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4 ತನ್ನನ್ನು ತಾನೇ ಓದಲು ಮಾತ್ರ ಎಂದು ಮರುಮೌಂಟ್ ಮಾಡಿಕೊಂಡಿರಬಹುದು. ಆಗ ಅನುಮತಿಗಳನ್ನು ಕೆದಕದೆ ಮೊದಲು ಬ್ಯಾಕಪ್ ಕಡೆ ಓಡಿ. ಫೆಡೋರಾ, ಆಲ್ಮಾಲಿನಕ್ಸ್‌ನಂಥವುಗಳಲ್ಲಿ ಅನುಮತಿ ಎಲ್ಲ ಸರಿಯಿದ್ದೂ ಸಾಂಬಾ ನಿರಾಕರಿಸಿದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ಪದರದ ಲೇಬಲ್ ನೋಡಬೇಕು. ಉಬುಂಟುವಿನಲ್ಲಿ ಆ ಚಿಂತೆ ಬೇಡ.

ಲೆಕ್ಕದಮನೆ

ಟಿಡಿಎಸ್ ಸಾಲಿನ ಕೊನೆಯಲ್ಲಿ ಹೇಳಿದಂತೆಯೇ ದೊಡ್ಡಕ್ಷರದ ‘ಟಿ’ ಇತ್ತು. ತೆಗೆದ ಮೇಲೆ ಎಕ್ಸೆಲ್ ಉಳಿಸುತ್ತಿದೆ. ಕೊನೆಯದಾಗಿ ಒಂದು ಪ್ರಶ್ನೆ: ಇದೇ ಶೇರ್‌ನೊಳಗೆ ಕಚೇರಿಯ ಪಾಲುದಾರರಿಗೆ ಮಾತ್ರ ಕಾಣುವ ಒಂದು ಫೋಲ್ಡರ್ ಬೇಕೆಂದು ಕೇಳುತ್ತಿದ್ದಾರೆ. ಫೋರ್ಸ್ ಗ್ರೂಪ್ ಇರುವಾಗ ಅದು ಸಾಧ್ಯವೇ, ಅಥವಾ ಬೇರೆ ಶೇರ್ ಮಾಡಬೇಕೇ?

ಸರ್ವರ್‌ಕಾವಲು

ಸಾಧ್ಯ. ‘ಪಾಲುದಾರರು’ ಎಂಬ ಗುಂಪು ಮಾಡಿ, ಆ ಫೋಲ್ಡರಿನ ಗುಂಪನ್ನು ಅದಕ್ಕೆ ಬದಲಿಸಿ 2770 ಕೊಟ್ಟರೆ ಸಾಕು. ಫೋರ್ಸ್ ಗ್ರೂಪ್ ಆಡಿಟ್ ಎಂದಿದ್ದರೂ ಸೆಟ್‌ಜಿಐಡಿಯ ಕಾರಣದಿಂದ ಅಲ್ಲಿ ಹುಟ್ಟುವ ಫೈಲ್‌ಗಳು ಪಾಲುದಾರರ ಗುಂಪನ್ನೇ ಪಡೆಯುತ್ತವೆ. ಅವರನ್ನು ಆ ಗುಂಪಿಗೆ ಸೇರಿಸುವಾಗ ಯೂಸರ್‌ಮಾಡ್ ಕಮಾಂಡಿನಲ್ಲಿ ದೊಡ್ಡ ‘ಜಿ’ಯ ಜೊತೆ ಸಣ್ಣ ‘ಎ’ ಆಯ್ಕೆಯನ್ನು ಬಿಡಬೇಡಿ, ಬಿಟ್ಟರೆ ಆಡಿಟ್ ಸೇರಿದಂತೆ ಅವರ ಉಳಿದೆಲ್ಲ ಹೆಚ್ಚುವರಿ ಗುಂಪುಗಳೂ ಹೋಗುತ್ತವೆ. ‘ಹೈಡ್ ಅನ್‌ರೀಡಬಲ್’ ಎಂಬುದನ್ನು ‘ಯೆಸ್’ ಮಾಡಿದರೆ ಉಳಿದವರಿಗೆ ಆ ಫೋಲ್ಡರಿನ ಹೆಸರೂ ಕಾಣುವುದಿಲ್ಲ.

ಎರಡು ಎಚ್ಚರಿಕೆಗಳಿವೆ. ಪಾಲುದಾರರು ಅಲ್ಲಿಂದ ಕಟ್ ಮಾಡಿ ಕಕ್ಷಿದಾರರ ಫೋಲ್ಡರಿಗೆ ತಂದ ಫೈಲ್ ತನ್ನ ಹಳೆಯ ಗುಂಪನ್ನು ಹೊತ್ತೇ ಬರುತ್ತದೆ, ಸಿಬ್ಬಂದಿಗೆ ಅದು ತೆರೆಯುವುದಿಲ್ಲ. ಕಾಪಿ ಮಾಡಲು ಅವರಿಗೆ ಹೇಳಿಡಿ. ಶನಿವಾರ ಓಡಿಸಿದ ಕಮಾಂಡ್‌ಗಳನ್ನು ಮತ್ತೆಂದಾದರೂ ಓಡಿಸುವುದಾದರೆ ಆ ಫೋಲ್ಡರನ್ನು ಹೊರಗಿಟ್ಟು ಓಡಿಸಿ, ಇಲ್ಲದಿದ್ದರೆ ಅದೂ ಆಡಿಟ್ ಗುಂಪಿಗೆ ಸೇರಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಈ ಎರಡೂ ರಗಳೆ ಬೇಡವೆನಿಸಿದರೆ, ಬೇರೆ ಶೇರ್ ಮಾಡಿ ಅದರ ವ್ಯಾಲಿಡ್ ಯೂಸರ್ಸ್‌ನಲ್ಲಿ ಪಾಲುದಾರರ ಗುಂಪನ್ನಷ್ಟೇ ಹಾಕಿ, ಅದರ ಫೋಲ್ಡರನ್ನು ಕಚೇರಿ ಫೋಲ್ಡರಿನ ಹೊರಗೆ ಇಡಿ. ನಾನಾದರೆ ಹಾಗೆಯೇ ಮಾಡುತ್ತೇನೆ.